ಕಲ್ಲು ನಮ್ಮೂರಲ್ಲಿ, ಪಡಿಯಚ್ಚು ಮೈಸೂರಲ್ಲಿ, ಲೆಕ್ಕ ಎಲ್ಲಿ?



"ನೀವು ಕರ್ನಾಟಕದಿಂದ ಯಾವಾಗ ಬಂದ್ರಿ?" ಈ ಪ್ರಶ್ನೆ ಕೇಳಿಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ನಾವು ಎಲ್ಲಿಂದಲೂ ಬಂದಿಲ್ಲ, ಗಡಿಯ ಗೆರೆಯೇ ನಮ್ಮೂರ ಪಕ್ಕ ಹಾದುಹೋಯ್ತು ಅಂತ ಹೇಳೋಕೆ ನಮ್ಮ ಹತ್ತಿರ ಇರೋ ಗಟ್ಟಿ ಸಾಕ್ಷಿ ಶಾಸನಗಳು. ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು, ಅಲ್ಲಿ ಕನ್ನಡ ಶಾಸನಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಹತ್ತನೇ ಶತಮಾನದಲ್ಲಿ ಬರೆಸಿದ ಶಾಸನ ಇದೆ. ಆದಿಕವಿಯ ಮನೆತನದ ಬಗ್ಗೆ ಅಷ್ಟು ವಿವರ ಕೊಡುವ ಕಲ್ಲು ಇರುವುದು ಕರ್ನಾಟಕದ ಹೊರಗೆ!

ಈ ಕಲ್ಲುಗಳನ್ನು ಯಾರು ನೋಡಿಕೊಳ್ಳಬೇಕು? ಕರ್ನಾಟಕ ಸರ್ಕಾರಕ್ಕೆ ಗಡಿ ಆಚೆ ಅಧಿಕಾರ ಇಲ್ಲ. ನಾವಿರುವ ರಾಜ್ಯಗಳಿಗೆ ಕನ್ನಡದ ಕಲ್ಲು ಮೊದಲ ಕಾಳಜಿ ಅಲ್ಲ. ಹಾಗಾಗಿ ಗಡಿಯ ಎರಡೂ ಕಡೆ ಕೆಲಸ ಮಾಡುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಮೇಲೆ ನಮಗೆ ಹೆಚ್ಚು ಭರವಸೆ, ಹೆಚ್ಚು ಹಕ್ಕು.

ಆ ಇಲಾಖೆಯ ಲೆಕ್ಕ ಹೇಗಿದೆ? ಬ್ಯಾಂಕಿನಲ್ಲಿ ಸಂಜೆ ನೂರು ರೂಪಾಯಿ ತಾಳೆ ಆಗದಿದ್ದರೆ ಕ್ಯಾಶಿಯರ್ ಮನೆಗೆ ಹೋಗುವಂತಿಲ್ಲ. 2013ರಲ್ಲಿ ಸಿಎಜಿ ತಪಾಸಣೆ ಮಾಡಿದಾಗ ಸಂರಕ್ಷಿತ ಸ್ಮಾರಕಗಳಲ್ಲಿ 92 ಇದ್ದ ಜಾಗದಲ್ಲೇ ಇರಲಿಲ್ಲ. ಆಮೇಲೆ ಹುಡುಕಿ 42 ಸಿಕ್ಕವು. ಉಳಿದ 50ರಲ್ಲಿ 14 ನಗರ ಬೆಳೆದು ಕಣ್ಮರೆ, 12 ಜಲಾಶಯದಲ್ಲಿ ಮುಳುಗಡೆ, 24ರ ಸುಳಿವೇ ಇಲ್ಲ. ಅನ್ವೇಷಣೆ ಮತ್ತು ಉತ್ಖನನಕ್ಕೆ ಇಲಾಖೆ ಮಾಡುವ ಖರ್ಚು ಒಟ್ಟು ವೆಚ್ಚದ ಶೇ. 1ಕ್ಕಿಂತ ಕಡಿಮೆ ಅಂತಲೂ ಸಿಎಜಿ ಹೇಳಿತು. 2022ರ ಮರುತಪಾಸಣೆಯಲ್ಲೂ ಆ ಸಂಖ್ಯೆ ಮೇಲೆದ್ದಿರಲಿಲ್ಲ.

ಇದು ಪಟ್ಟಿಯಲ್ಲಿರುವ ಸ್ಮಾರಕಗಳ ಕಥೆ. ಹೊಲದ ಬದುವಿನಲ್ಲಿ, ಗುಡಿ ಹಿಂದೆ ಬಿದ್ದಿರುವ ನಮ್ಮ ಕಲ್ಲುಗಳು ಹೆಚ್ಚಿನವು ಪಟ್ಟಿಯಲ್ಲೇ ಇಲ್ಲ. ಅವು ಒಡೆದರೆ ಉಳಿಯುವುದು ಪಡಿಯಚ್ಚು ಮಾತ್ರ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್‌ನಿಂದ ತಟ್ಟಿ, ಮಸಿ ಹಚ್ಚಿ ತೆಗೆಯುವ ಅಚ್ಚು ಅದು. ಇಂಥವನ್ನು ಇಟ್ಟುಕೊಂಡಿರುವ ಇಲಾಖೆಯ ಶಾಸನ ಶಾಖೆ ಮೊದಲು ಊಟಿಯಲ್ಲಿತ್ತು, 1966ರಲ್ಲಿ ಮೈಸೂರಿಗೆ ಬಂತು. ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸಿ ಎಂದು 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಆದೇಶಿಸಿತು. ಆಗ ಎರಡೂ ರಾಜ್ಯಗಳಲ್ಲಿ ಮಾತು ಬಿಸಿಯಾಯ್ತು. ನಮ್ಮ ನಿಲುವು ಇಷ್ಟೇ: ಬೀರು ಯಾವ ಊರಲ್ಲಿದ್ದರೂ ಸರಿ, ಅದರ ಬಾಗಿಲು ತೆರೆದಿರಬೇಕು. ನೂರು ವರ್ಷದ ಹಿಂದೆ ತೆಗೆದ ಅಚ್ಚು ಪಾಠ ಸಮೇತ ಪ್ರಕಟ ಆಗದಿದ್ದರೆ ಅದು ಮೈಸೂರಲ್ಲಿದ್ದರೇನು, ಚೆನ್ನೈಯಲ್ಲಿದ್ದರೇನು?

2023ರ ಕೇಂದ್ರ ಬಜೆಟ್‌ನಲ್ಲಿ 'ಭಾರತ್ ಶ್ರೀ' ಎಂಬ ಡಿಜಿಟಲ್ ಶಾಸನ ಭಂಡಾರ ಘೋಷಣೆಯಾಯ್ತು. ಹೈದರಾಬಾದಿನಲ್ಲಿ ಅದರ ನೆಲೆ, ಮೊದಲ ಹಂತಕ್ಕೆ 1 ಲಕ್ಷ ಶಾಸನ. ನಮ್ಮ ಬೇಡಿಕೆ ಮೂರು. ಆ ಲಕ್ಷದಲ್ಲಿ ಗಡಿ ತಾಲೂಕುಗಳ ಕನ್ನಡ ಶಾಸನ ಸೇರಲಿ. ಊರ ಹೆಸರು ಕನ್ನಡದಲ್ಲಿ ಹಾಕಿದರೆ ಶಾಸನ ಸಿಗಲಿ. ಪ್ರತಿ ತಾಲೂಕಿನ ಎಷ್ಟು ಪಡಿಯಚ್ಚು ಇದೆ, ಎಷ್ಟು ಪ್ರಕಟವಾಗಿದೆ ಅನ್ನೋ ಲೆಕ್ಕ ವರ್ಷಕ್ಕೊಮ್ಮೆ ಹೊರಬರಲಿ.

ಬೇಡಿಕೆ ಇಟ್ಟು ಕೂತರೆ ಆಗಲ್ಲ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಿಮ್ಮ ತಾಲೂಕಿನ ಪಡಿಯಚ್ಚುಗಳ ಪಟ್ಟಿ ಕೇಳಿ. ಊರಿನ ಕಲ್ಲಿನ ಫೋಟೊ ತೆಗೆದು, ಎಲ್ಲಿದೆ ಅಂತ ಬರೆದಿಡಿ. ಅಕ್ಷರ ಕಾಣಲಿ ಅಂತ ಬಣ್ಣ ಬಳಿಯಬೇಡಿ, ಉಜ್ಜಬೇಡಿ.

ಇನ್ನೊಂದು ಮಾತು. ಶಾಸನವನ್ನು ಪಕ್ಕದ ಮನೆಯವರ ಮೇಲೆ ಎಸೆಯೋ ಕಲ್ಲು ಮಾಡಿಕೊಳ್ಳುವುದು ಬೇಡ. ಕುರಿಕ್ಯಾಲದ ಬಂಡೆಯಲ್ಲಿ ಕನ್ನಡ, ತೆಲುಗು, ಸಂಸ್ಕೃತ ಮೂರೂ ಇವೆ. ತೆಲುಗಿನವರಿಗೂ ಅದು ಅಷ್ಟೇ ಹೆಮ್ಮೆ. ಅವರನ್ನೂ ಜೊತೆಗೆ ಕರೆದುಕೊಂಡೇ ಲೆಕ್ಕ ಕೇಳೋಣ.