ಹೃದಯಕ್ಕೊಂದು ಒಣ ಪಟ್ಟಿ

ಇ.ಸಿ.ಜಿ. ಎಂದೊಡನೆ ಎಲ್ಲರ ದೃಷ್ಟಿಯೂ ಯಂತ್ರದ ಮೇಲೆ ಹೋಗುತ್ತದೆ. ಎದೆಗೆ ಅಂಟಿಸುವ ಬಿಲ್ಲೆಯನ್ನು ಗಮನಿಸುವವರು ವಿರಳ. ಯಂತ್ರವು ಬಂಡವಾಳದ ಬಾಬತ್ತು, ಬಿಲ್ಲೆಯಾದರೋ ದಿನವಹಿ ಖರ್ಚು. ಸಂಸ್ಥೆಗಳು ಸೋಲುವುದು ಸಾಮಾನ್ಯವಾಗಿ ಎರಡನೆಯದರಲ್ಲಿ.

ಹಾಲೆಂಡಿನ ಐಂಥೋವನ್ ಮಹಾಶಯನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೋಗಿಯ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಹೃದಯದ ವಿದ್ಯುತ್ತನ್ನು ದಾಖಲಿಸಿದನು. 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಇಂದಿನ ಬಿಲ್ಲೆಯ ಕೆಳಗಿನ ಲೋಳೆಯೂ ಆ ಉಪ್ಪುನೀರಿನ ವಂಶದ್ದೇ. ಚರ್ಮದ ಮೇಲಿನ ನಿರ್ಜೀವ ಪದರವು ವಿದ್ಯುತ್ತನ್ನು ತಡೆಯುತ್ತದೆ; ಹೃದಯದ ಸಂಕೇತವೋ ಅಲ್ಲಿಗೆ ಬರುವಷ್ಟರಲ್ಲಿ ಸುಮಾರು 1 ಮಿಲಿವೋಲ್ಟ್ ಮಾತ್ರ. ಐದು ನಿಮಿಷದ ಪರೀಕ್ಷೆಗೆ ಲೋಳೆ ಸಾಕು. ಆದರೆ ಹೃತ್ಕರ್ಣದ ತಾಳತಪ್ಪು ಬಂದು ಹೋಗುವಂಥದು. ಪತ್ತೆಯಾಗದಿದ್ದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೇರಿ ಪಾರ್ಶ್ವವಾಯುವನ್ನು ತರಬಹುದು. ಅದನ್ನು ಹಿಡಿಯಲು ದಿನಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಲೋಳೆ ಒಣಗುತ್ತದೆ, ಕೆಲವರ ಚರ್ಮ ಕೆಂಪೇರಿ ತುರಿಸುತ್ತದೆ.

ಇದಕ್ಕಾಗಿಯೇ ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಒಣ ಎಲೆಕ್ಟ್ರೋಡುಗಳು ರೂಪುಗೊಳ್ಳುತ್ತಿವೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರ್. ಆ ಅಳತೆಯ ಇಂಗಾಲದ ಕೊಳವೆಗಳನ್ನೋ ಬೆಳ್ಳಿಯ ಎಳೆಗಳನ್ನೋ ರಬ್ಬರಿನಂಥ ಪಾಲಿಮರಿನಲ್ಲಿ ಬೆರೆಸಿದರೆ, ಎಳೆಗೆ ಎಳೆ ತಾಗಿ ವಿದ್ಯುತ್ತಿಗೆ ಹಾದಿಯಾಗುತ್ತದೆ. ಪಟ್ಟಿ ಮೆತ್ತಗೇ ಉಳಿದು ಚರ್ಮದ ಏರುತಗ್ಗುಗಳಿಗೆ ಒಗ್ಗುತ್ತದೆ. ಲೋಳೆ ಬೇಕಿಲ್ಲ. ಆದರೂ ಮೈ ಅಲುಗಿ ಪಟ್ಟಿ ಸರಿದರೆ ಸುಳ್ಳು ಗೆರೆ ಮೂಡುತ್ತದೆ. ಸೂಕ್ಷ್ಮ ಕಣಗಳು ಕಳಚಿ ದೇಹ ಸೇರವೆಂಬುದೂ ಸಿದ್ಧವಾಗಬೇಕು. ತಂಪುಕೋಣೆಯಲ್ಲಿ ಮಲಗಿದವನ ಮೇಲಿನ ಪರೀಕ್ಷೆ ಸಾಲದು. ಮೇ ತಿಂಗಳಲ್ಲಿ ತಾರ್ನಾಕದಲ್ಲಿ ಬಸ್ಸು ಕಾಯುತ್ತ ಬೆವರುವವನ ಎದೆಯ ಮೇಲೆ ಅದು ನಿಲ್ಲಬೇಕು.

ತಾರ್ನಾಕದ ಹೆಸರು ಸುಮ್ಮನೆ ಬಂದುದಲ್ಲ. ಅಲ್ಲಿಯ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಮೂಲ 1944ರದು. ಬೀದರ, ಕಲಬುರ್ಗಿ, ರಾಯಚೂರುಗಳೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲವದು. ಪಾಲಿಮರ್, ಲೇಪನಗಳು ಅದಕ್ಕೆ ಪರಿಚಿತ ವಿದ್ಯೆಗಳು. ಡಾ. ಎ. ವಿ. ರಾಮರಾವ್ ಅವರ ಮುಂದಾಳುತನದಲ್ಲಿ ಅಲ್ಲಿ ಸಿದ್ಧವಾದ ವಿಧಾನದಿಂದಲೇ ಸಿಪ್ಲಾ ಕಂಪನಿ ಏಡ್ಸ್ ರೋಗದ ಎ.ಜೆಡ್.ಟಿ. ಔಷಧವನ್ನು 1990ರ ದಶಕದಲ್ಲಿ ಅಗ್ಗವಾಗಿ ಮಾರುಕಟ್ಟೆಗೆ ತಂದಿತು. ಒಣ ಪಟ್ಟಿಗೂ ಅಂಥ ದಾರಿ ಬೇಕು. ದಿನವೊಂದಕ್ಕೆ ಬೀಳುವ ಖರ್ಚೆಷ್ಟೆಂಬ ಪ್ರಶ್ನೆಯನ್ನು ಪ್ರಯೋಗದ ಮೊದಲ ದಿನವೇ ಕೇಳತಕ್ಕದ್ದು. ತೊಳೆದು ಮತ್ತೆ ಬಳಸಬಹುದಾದ ಪಟ್ಟಿಯ ಮೊದಲ ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ, ನೂರು ಬಾರಿಗೆ ಹಂಚಿದಾಗ ಅದು ಇಳಿಯುತ್ತದೆ. ಒಮ್ಮೆ ಬಳಸಿ ಎಸೆಯುವ ನ್ಯಾನೋ ಪಟ್ಟಿಯು ಹಳೆಯ ಬಿಲ್ಲೆಗಿಂತ ದುಬಾರಿಯಾದರೆ, ತಾಲೂಕು ಆಸ್ಪತ್ರೆಯ ಗುಮಾಸ್ತನು ಹಳೆಯದನ್ನೇ ತರಿಸುತ್ತಾನೆ. ಅವನನ್ನು ದೂರುವಂತೆಯೂ ಇಲ್ಲ.