ಬೇಡದೆ ಬಂದ ಕಿತ್ತಳೆ ಹರಳು

ವಿಜ್ಞಾನಿಗಳ ಬದುಕನ್ನು ನಾವು ಸಾಮಾನ್ಯವಾಗಿ ಪ್ರಶಸ್ತಿಯ ಕಡೆಯಿಂದ ಹಿಂದಕ್ಕೆ ಓದುತ್ತೇವೆ. 1973ರ ರಸಾಯನಶಾಸ್ತ್ರದ ನೊಬೆಲ್ ಮ್ಯೂನಿಕ್‌ನ ಅರ್ನ್ಸ್ಟ್ ಒಟ್ಟೊ ಫಿಷರ್ ಮತ್ತು ಲಂಡನ್ನಿನ ಜೆಫ್ರಿ ವಿಲ್ಕಿನ್ಸನ್ ಅವರಿಗೆ ಬಂತು. ಹಾಗಾಗಿ ಅವರ ಕೆಲಸದ ಕೇಂದ್ರದಲ್ಲಿದ್ದ ಕಬ್ಬಿಣದ ಸಂಯುಕ್ತ ಫೆರೊಸೀನ್ ಎಂದರೆ ಅವರಿಬ್ಬರ ಕಥೆ ಎಂದಾಯಿತು. ಆ ವಸ್ತುವಿನ ಬಗ್ಗೆ ಮೊದಲು ಪ್ರಬಂಧ ಪ್ರಕಟಿಸಿದ ಪೀಟರ್ ಪಾಸನ್ ಅವರ ಹೆಸರು ಅಡಿಟಿಪ್ಪಣಿಗೆ ಸರಿಯಿತು. ಅದರ ಪಕ್ಕದಲ್ಲೊಂದು ಷರಾ ಬೇರೆ: ಅದೃಷ್ಟದಿಂದ ಸಿಕ್ಕಿದ್ದು. ನನ್ನ ತಕರಾರಿರುವುದು ಈ ಷರಾದ ಮೇಲೆ.

ಪಾಸನ್ ಹುಟ್ಟಿದ್ದು 1925ರಲ್ಲಿ, ಜರ್ಮನಿಯ ಬಾಂಬರ್ಗ್‌ನ ಯಹೂದಿ ಕುಟುಂಬದಲ್ಲಿ. 1939ರಲ್ಲಿ ಮನೆಯವರು ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ ಸೇರಿದರು. ಹುಡುಗ ಗ್ಲಾಸ್ಗೋದಲ್ಲಿ ಓದಿ, ಶೆಫೀಲ್ಡ್‌ನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡ್ಯೂಕೇನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದ. ದೊಡ್ಡ ಹೆಸರಿನ ಪ್ರಯೋಗಾಲಯವೇನಲ್ಲ ಅದು. ಅಲ್ಲಿ ಥಾಮಸ್ ಕೀಲಿ ಎಂಬ ವಿದ್ಯಾರ್ಥಿಯೊಡನೆ ಅವರು ಮಾಡಲು ಹೊರಟದ್ದು ಫುಲ್ವಲೀನ್ ಎಂಬ ಅಣುವನ್ನು: ಐದೈದು ಇಂಗಾಲದ ಎರಡು ಉಂಗುರಗಳು ಒಂದಕ್ಕೊಂದು ನೇರವಾಗಿ ಅಂಟಿಕೊಂಡಿರುವ ರಚನೆ. ಅದರಲ್ಲಿ ಕಬ್ಬಿಣಕ್ಕೆ ಜಾಗವೇ ಇಲ್ಲ.

ಉಪಾಯವೇನೋ ಸರಳವಾಗಿತ್ತು. ಐದು ಇಂಗಾಲದ ಉಂಗುರಕ್ಕೆ ಮೆಗ್ನೀಸಿಯಂ ಜೋಡಿಸಿ ಚುರುಕು ಮಾಡುವುದು, ಆಮೇಲೆ ಫೆರಿಕ್ ಕ್ಲೋರೈಡ್ ಹಾಕಿ ಎರಡು ಉಂಗುರಗಳನ್ನು ಬೆಸೆಯುವುದು. ಇಲ್ಲಿ ಕಬ್ಬಿಣದ ಲವಣ ಬರೀ ದಲ್ಲಾಳಿ; ಕೆಲಸ ಮುಗಿಸಿ ಹೊರಗೆ ಹೋಗಬೇಕಾದದ್ದು. ಆದರೆ ಅದು ಹೋಗಲಿಲ್ಲ. ಬೆಸೆಯುವ ಬದಲು ಎರಡು ಉಂಗುರಗಳ ನಡುವೆ ತಾನೇ ಕೂತುಬಿಟ್ಟಿತು. ಕೈಗೆ ಬಂದದ್ದು ಕಿತ್ತಳೆ ಬಣ್ಣದ ಹರಳು. ವಿಶ್ಲೇಷಣೆ ಮಾಡಿದರೆ ಹತ್ತು ಇಂಗಾಲ, ಹತ್ತು ಹೈಡ್ರೋಜನ್, ಒಂದು ಕಬ್ಬಿಣ.

ಅದರಲ್ಲಿ ಬೆರಗಾಗುವಂಥದ್ದೇನು ಎಂದು ಕೇಳಬಹುದು. ಇಂಗಾಲವೂ ಕಬ್ಬಿಣದಂಥ ಲೋಹವೂ ನೇರವಾಗಿ ಕೂಡಿದ ಸಂಯುಕ್ತಗಳು ಆಗ ತೀರ ದುರ್ಬಲ ಎಂದೇ ಲೆಕ್ಕ. ಗಾಳಿ ತಾಗಿದರೆ, ನೀರು ಬಿದ್ದರೆ ಒಡೆದುಹೋಗುತ್ತವೆ. ಎಷ್ಟೋ ಸಂಯುಕ್ತಗಳನ್ನು ಸೀಸೆಯಲ್ಲಿ ಹಿಡಿದಿಡುವುದೇ ಆಗಿರಲಿಲ್ಲ. ಈ ಹರಳೋ, ಸುಮಾರು 173 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಚ್ಚುಕಟ್ಟಾಗಿ ಕರಗುತ್ತದೆ. ಕಾಯಿಸಿದರೆ ಕರ್ಪೂರದ ಹಾಗೆ ಆವಿಯಾಗಿ ತಣ್ಣನೆಯ ಗಾಜಿನ ಮೇಲೆ ಮತ್ತೆ ಹರಳಾಗಿ ಕೂರುತ್ತದೆ. ಕುದಿಯುವ ಕಾಸ್ಟಿಕ್ ಸೋಡಾ ದ್ರಾವಣಕ್ಕಾಗಲಿ, ಹೈಡ್ರೋಕ್ಲೋರಿಕ್ ಆಮ್ಲಕ್ಕಾಗಲಿ ಜಗ್ಗುವುದಿಲ್ಲ. 1951ರ ಡಿಸೆಂಬರ್ 15ರ ‘ನೇಚರ್’ ಪತ್ರಿಕೆಯಲ್ಲಿ ಕೀಲಿ ಮತ್ತು ಪಾಸನ್ ಅವರ ಪುಟ್ಟ ಪ್ರಬಂಧ ಬಂತು.

ಇಲ್ಲೊಂದು ಉಪಕಥೆ ಇದೆ. ಬ್ರಿಟಿಷ್ ಆಕ್ಸಿಜನ್ ಕಂಪನಿಯ ಮಿಲ್ಲರ್, ಟೆಬತ್ ಮತ್ತು ಟ್ರಿಮೇನ್ ಎಂಬ ಮೂವರಿಗೆ ಇದೇ ಹರಳು ಮೊದಲೇ ಸಿಕ್ಕಿತ್ತು. ಬಿಸಿ ಕಬ್ಬಿಣದ ಮೇಲೆ ಅದೇ ಐದು ಇಂಗಾಲದ ಉಂಗುರವಾದ ಸೈಕ್ಲೊಪೆಂಟಾಡಯೀನ್‌ನ ಆವಿಯನ್ನೂ ಸಾರಜನಕವನ್ನೂ ಹಾಯಿಸಿ ಅಮೀನ್ ತಯಾರಿಸಲು ಅವರು ನೋಡುತ್ತಿದ್ದರು. ಅವರ ಪ್ರಬಂಧ ಕೀಲಿ-ಪಾಸನ್ ಪ್ರಬಂಧಕ್ಕಿಂತ ಮೊದಲೇ, 1951ರ ಜುಲೈನಲ್ಲಿ, ಪತ್ರಿಕೆಯ ಕಚೇರಿ ತಲುಪಿತ್ತು. ಅಚ್ಚಾದದ್ದು ಮಾತ್ರ 1952ರಲ್ಲಿ. ಅಂದರೆ ಈ ‘ಅದೃಷ್ಟ’ ಒಬ್ಬರ ಮನೆ ಬಾಗಿಲನ್ನಷ್ಟೇ ತಟ್ಟಿರಲಿಲ್ಲ. ಕಾದ ಕಬ್ಬಿಣ ಮತ್ತು ಸೈಕ್ಲೊಪೆಂಟಾಡಯೀನ್ ಎಲ್ಲೆಲ್ಲಿ ಸೇರಿದವೋ ಅಲ್ಲೆಲ್ಲ ಅದು ಹುಟ್ಟುವ ಸಂಭವವಿತ್ತು. ವ್ಯತ್ಯಾಸವಾದದ್ದು ಸಿಕ್ಕಿದವರು ಅದನ್ನು ಏನು ಕೇಳಿದರು ಎನ್ನುವುದರಲ್ಲಿ.

ಪಾಸನ್ ಸರಿಯಾದ ಪ್ರಶ್ನೆಯನ್ನೇ ಕೇಳಿದರು: ಇದು ಇಷ್ಟು ಗಟ್ಟಿ ಏಕೆ? ಉತ್ತರ ಮಾತ್ರ ತಪ್ಪಿತು. ಒಂದೊಂದು ಉಂಗುರದ ಒಂದೊಂದು ಇಂಗಾಲಕ್ಕೆ ಕಬ್ಬಿಣ ಒಂಟಿ ಬಂಧದಿಂದ ಕೂಡಿದೆ ಎಂದು ಅವರು ಚಿತ್ರ ಬರೆದರು. ಅಂದಿನ ಪಠ್ಯಪುಸ್ತಕ ಓದಿದ ಯಾರೇ ಆದರೂ ಹಾಗೇ ಬರೆಯುತ್ತಿದ್ದರು.

ಹಾರ್ವರ್ಡ್‌ನಲ್ಲಿದ್ದ ವಿಲ್ಕಿನ್ಸನ್ ಮತ್ತು ರಾಬರ್ಟ್ ವುಡ್‌ವರ್ಡ್ ಆ ಚಿತ್ರವನ್ನು ನಂಬಲಿಲ್ಲ. ಅವರ ತರ್ಕ ರಸಾಯನಶಾಸ್ತ್ರ ಓದದವರಿಗೂ ಎಟಕುವಂಥದ್ದು. ಪಾಸನ್ ಚಿತ್ರದಲ್ಲಿ ಕಬ್ಬಿಣ ಹಿಡಿದ ಇಂಗಾಲದ ಮೇಲಿನ ಹೈಡ್ರೋಜನ್ ಒಂದು ಬಗೆಯಾದರೆ ಉಳಿದವು ಬೇರೆ ಬಗೆ. ಇನ್‌ಫ್ರಾರೆಡ್ ಕಿರಣ ಹಾಯಿಸಿದರೆ ಆ ಭೇದ ಕಾಣಬೇಕು. ಕಾಣಲಿಲ್ಲ, ಹತ್ತೂ ಹೈಡ್ರೋಜನ್‌ಗಳು ಒಂದೇ ರೀತಿ ಕಂಪಿಸಿದವು. ಅಣುವಿಗೆ ಧನ-ಋಣ ತುದಿಗಳೂ ಇರಲಿಲ್ಲ, ಕಾಂತಗುಣವೂ ಇರಲಿಲ್ಲ. ಹಾಗಾದರೆ ಹತ್ತು ಇಂಗಾಲಗಳೂ ಕಬ್ಬಿಣಕ್ಕೆ ಸಮಾನ ದೂರದಲ್ಲಿ, ಸಮಾನ ನಂಟಿನಲ್ಲಿ ಇರಲೇಬೇಕು. ಅದಕ್ಕೆ ಒಂದೇ ದಾರಿ: ಮೇಲೊಂದು ಉಂಗುರ, ಕೆಳಗೊಂದು ಉಂಗುರ, ನಡುವೆ ಕಬ್ಬಿಣ. ಬೀಸುವ ಕಲ್ಲಿನ ಎರಡು ಬಟ್ಟುಗಳ ನಡುವೆ ಗೂಟವಿದ್ದ ಹಾಗೆ. ಉಂಗುರಗಳು ಆ ಗೂಟದ ಮೇಲೆ ಹೆಚ್ಚು ತಡೆಯಿಲ್ಲದೆ ತಿರುಗುತ್ತವೆ ಕೂಡ. ಎಲೆಕ್ಟ್ರಾನ್ ಲೆಕ್ಕವೂ ತಾಳೆಯಾಯಿತು. ಕಬ್ಬಿಣದ ಹೊರಕವಚದ ಎಂಟು, ಒಂದೊಂದು ಉಂಗುರದಿಂದ ಐದೈದು, ಒಟ್ಟು 18. ಕಬ್ಬಿಣದ ಸುತ್ತ ಕ್ರಿಪ್ಟಾನ್ ಅನಿಲದಂಥ ತುಂಬಿದ ಕವಚ. ಗಟ್ಟಿತನದ ಗುಟ್ಟು ಅಲ್ಲಿತ್ತು.

ಅದೇ 1952ರಲ್ಲಿ ಮ್ಯೂನಿಕ್‌ನಲ್ಲಿ ಫಿಷರ್, ಪ್ಫಾಬ್ ಎಂಬವರ ಜೊತೆಗೂಡಿ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ ಅದೇ ರಚನೆಗೆ ಬಂದರು. ವುಡ್‌ವರ್ಡ್ ಇನ್ನೊಂದು ಕಡೆಯಿಂದ ಯೋಚಿಸಿದರು. ಈ ಉಂಗುರಗಳು ಬೆಂಜೀನ್ ಉಂಗುರದ ಹಾಗೆ ಆರು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿದ್ದರೆ ಬೆಂಜೀನ್‌ನ ಹಾಗೆಯೇ ವರ್ತಿಸಬೇಕಲ್ಲ? ಅವರ ವಿದ್ಯಾರ್ಥಿ ಮೈರನ್ ರೋಸೆನ್‌ಬ್ಲಮ್ ಪ್ರಯೋಗ ಮಾಡಿದರು. ಅಣು ಹಾಗೆಯೇ ವರ್ತಿಸಿತು. ಜೊತೆಗಿದ್ದ ಮಾರ್ಕ್ ವೈಟಿಂಗ್ ಹೆಸರಿಟ್ಟರು: ಫೆರೊಸೀನ್.

ಈ ಪ್ರಯೋಗ ಮೇಲ್ನೋಟಕ್ಕೆ ಸಣ್ಣದು. ಆದರೆ ಫೆರೊಸೀನ್ ಅಧ್ಯಯನವೇ ಒಂದು ವೃತ್ತಿಯಾಗಲು ಕಾರಣ ಇದೇ ಎಂದು ನಾನು ತಿಳಿದಿದ್ದೇನೆ. ಹರಳು ಬರೀ ಗಟ್ಟಿಯಾಗಿದ್ದರೆ ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕಿಡಬಹುದಿತ್ತು, ಅಷ್ಟೇ. ಉಂಗುರದ ಹೈಡ್ರೋಜನ್ ತೆಗೆದು ಅಲ್ಲಿ ಬೇಕಾದ ಗುಂಪನ್ನು ಕೂರಿಸಬಹುದು, ಹಾಗೆ ಮಾಡಿದರೂ ನಡುವಿನ ಕಬ್ಬಿಣ ಅಲ್ಲಾಡುವುದಿಲ್ಲ ಎಂದು ಗೊತ್ತಾದ ದಿನದಿಂದ ಅದು ಸಾವಿರಾರು ಸಂಯುಕ್ತಗಳ ಬುನಾದಿಯಾಯಿತು.

ಮುಂದೆ ಒಬ್ಬೊಬ್ಬರದು ಒಂದೊಂದು ಹಾದಿ. ಫಿಷರ್ ಮ್ಯೂನಿಕ್‌ನಲ್ಲೇ ಉಳಿದು, 1955ರಲ್ಲಿ ಕ್ರೋಮಿಯಂ ಅನ್ನು ಎರಡು ಬೆಂಜೀನ್‌ಗಳ ನಡುವೆ ಕೂರಿಸಿದರು. ವಿಲ್ಕಿನ್ಸನ್ ಅವರನ್ನು ಹಾರ್ವರ್ಡ್ ಕಾಯಂ ಮಾಡಲಿಲ್ಲ. ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ನೊಬೆಲ್ ಘೋಷಣೆಯಾದಾಗ ವುಡ್‌ವರ್ಡ್, ಬೇರೆ ಕೆಲಸಕ್ಕಾಗಿ 1965ರಲ್ಲೇ ನೊಬೆಲ್ ಪಡೆದಿದ್ದವರು, ತಮ್ಮನ್ನು ಬಿಟ್ಟದ್ದಕ್ಕೆ ಸಮಿತಿಗೆ ಆಕ್ಷೇಪಣೆಯ ಪತ್ರ ಬರೆದರು. ಮನುಷ್ಯಸಹಜ. ಎರಡನೆಯ ನೊಬೆಲ್‌ಗೂ ಹಸಿವಿರುತ್ತದೆ.

ಪಾಸನ್ ಹಾರ್ವರ್ಡ್, ಶೆಫೀಲ್ಡ್ ಸುತ್ತಿಕೊಂಡು 1959ರಲ್ಲಿ ಗ್ಲಾಸ್ಗೋಗೆ ಪ್ರಾಧ್ಯಾಪಕರಾಗಿ ಬಂದರು. ಅವರಿದ್ದ ಸಂಸ್ಥೆಯೇ 1964ರಲ್ಲಿ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯವಾಯಿತು. ಅಲ್ಲಿ ಪಾಕಿಸ್ತಾನದಿಂದ ಬಂದ ಇಹ್ಸಾನುಲ್ಲಾ ಖಾಂದ್ ಅವರೊಡನೆ ಕೋಬಾಲ್ಟ್‌ನ ಹೊಸ ಸಂಕೀರ್ಣಗಳನ್ನು ಮಾಡಲು ಹೊರಟಾಗ ಮತ್ತೆ ಬೇಡದ್ದೇ ಬಂತು. ಆಲ್ಕೈನ್, ಆಲ್ಕೀನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಮೂರೂ ಒಂದೇ ಏಟಿಗೆ ಕೂಡಿ ಐದು ಇಂಗಾಲದ ಉಂಗುರವುಳ್ಳ ಕೀಟೋನ್ ಆಗಿತ್ತು. ಪಾಸನ್ ಅದನ್ನೂ ಮೋರಿಗೆ ಚೆಲ್ಲಲಿಲ್ಲ. ವಿವರವಾದ ಪ್ರಬಂಧಗಳು ಬಂದದ್ದು 1973ರಲ್ಲಿ, ಅಂದರೆ ಫೆರೊಸೀನ್‌ನ ನೊಬೆಲ್ ಬೇರೆಯವರ ಪಾಲಾದ ವರ್ಷವೇ. ಇಂದು ಪಾಸನ್-ಖಾಂದ್ ಕ್ರಿಯೆ ಎಂದರೆ ಔಷಧದ ಜಟಿಲ ಅಣುಗಳನ್ನು ಕಟ್ಟುವವರಿಗೆಲ್ಲ ಗೊತ್ತು. ಒಮ್ಮೆ ಆದದ್ದನ್ನು ಅದೃಷ್ಟ ಎನ್ನೋಣ. ಇಪ್ಪತ್ತು ವರ್ಷದ ಅಂತರದಲ್ಲಿ ಅದೇ ಮನುಷ್ಯನಿಗೆ ಇನ್ನೊಮ್ಮೆ ಆದರೆ, ಬೇರೆ ಏನನ್ನೋ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಇಂದಿನ ಫೆರೊಸೀನ್ ಸಂಶೋಧಕರು ಮಾಡುವುದೇನು? ಹೆಚ್ಚಿನವರು ಈ ಅಣುವಿನ ಒಂದು ಸ್ವಭಾವವನ್ನು ಬಳಸಿಕೊಳ್ಳುತ್ತಾರೆ: ನಡುವಿನ ಕಬ್ಬಿಣ ಒಂದು ಎಲೆಕ್ಟ್ರಾನನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಸಲೀಸಾಗಿ ವಾಪಸು ಪಡೆಯುತ್ತದೆ, ಅಣು ಮಾತ್ರ ಮುರಿಯುವುದಿಲ್ಲ. ರಕ್ತದ ಸಕ್ಕರೆ ಅಳೆಯುವ ಕೈಯಂತ್ರದ ಇತಿಹಾಸದಲ್ಲಿ ಇದಕ್ಕೆ ಪಾಲಿದೆ. ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ಕೀಳುವ ಕಿಣ್ವ ಅದನ್ನು ತನ್ನ ಹೊಟ್ಟೆಯೊಳಗೆ ಹುದುಗಿಸಿಕೊಳ್ಳುತ್ತದೆ. ವಿದ್ಯುದ್ವಾರಕ್ಕೆ ಅದು ಸುಲಭಕ್ಕೆ ಸಿಗದು. ಅಲ್ಲಿಂದ ಎತ್ತಿ ಇಲ್ಲಿಗೆ ಮುಟ್ಟಿಸುವ ಕೆಲಸಕ್ಕೆ ಫೆರೊಸೀನ್ ಸಂಯುಕ್ತವನ್ನು ಹಚ್ಚಬಹುದೆಂದು ಬ್ರಿಟನ್ನಿನ ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡ್‌ನ ಸಂಶೋಧಕರು 1984ರಲ್ಲಿ ತೋರಿಸಿದರು. 1987ರಲ್ಲಿ ಪೆನ್ನಿನ ಆಕಾರದ ಮೀಟರ್ ಮಾರುಕಟ್ಟೆಗೆ ಬಂತು. ಮೀಟರಿಗೆ ಹಾಕುವ ಈಗಿನ ಎಷ್ಟೋ ಪರೀಕ್ಷಾ ಪಟ್ಟಿಗಳಲ್ಲಿ ಬೇರೆ ರಾಸಾಯನಿಕಗಳು ಆ ಕೆಲಸ ಮಾಡುತ್ತವೆ.

ಇನ್ನು ಕೆಲವರು ಫೆರೊಸೀನ್‌ನಿಂದ ವೇಗವರ್ಧಕಗಳನ್ನು ಕಟ್ಟುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ಆಂಟೋನಿಯೊ ತೋಗ್ನಿ ರೂಪಿಸಿದ ‘ಜೋಸಿಫೋಸ್’ ಕುಟುಂಬದ ಫೆರೊಸೀನ್ ಸಂಯುಕ್ತವೊಂದು, ಇರಿಡಿಯಂ ಜೊತೆ ಸೇರಿ, ಮೆಟೊಲಾಕ್ಲೋರ್ ಎಂಬ ಕಳೆನಾಶಕದ, ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಎಡಗೈ-ಬಲಗೈ ರೂಪಗಳಲ್ಲಿ ಕೆಲಸಕ್ಕೆ ಬರುವುದನ್ನೇ ಹೆಚ್ಚಾಗಿ ತಯಾರಿಸುತ್ತದೆ. ಆ ಕಳೆನಾಶಕದ ಉತ್ಪಾದನೆ ವರ್ಷಕ್ಕೆ 10,000 ಟನ್‌ಗೂ ಹೆಚ್ಚು. ‘ಜೋಸಿಫೋಸ್’ ಎಂಬ ಹೆಸರು ಬಂದದ್ದು ಆ ಸಂಯುಕ್ತವನ್ನು ಮೊದಲು ತಯಾರಿಸಿದ ಪ್ರಯೋಗಾಲಯದ ತಂತ್ರಜ್ಞೆ ಜೋಸಿ ಪುಲೇಯೊ ಅವರಿಂದ. ಇಂಥ ಸೌಜನ್ಯ ವಿಜ್ಞಾನದಲ್ಲಿ ಅಪರೂಪ.

ಔಷಧದ ಕಡೆಗೆ ಹೋದವರ ದಾರಿ ನಿಧಾನದ್ದು. ಫ್ರಾನ್ಸ್‌ನ ಲಿಲ್‌ನಲ್ಲಿ ಕ್ರಿಸ್ಟೋಫ್ ಬಿಯೊ ಮತ್ತು ಸಂಗಡಿಗರು ಕ್ಲೋರೋಕ್ವಿನ್‌ಗೆ ಫೆರೊಸೀನ್ ಸೇರಿಸಿ 1997ರಲ್ಲಿ ಪ್ರಕಟಿಸಿದ ಫೆರೋಕ್ವಿನ್, ಕ್ಲೋರೋಕ್ವಿನ್‌ಗೆ ಬಗ್ಗದ ಮಲೇರಿಯಾ ಪರಾವಲಂಬಿಗಳನ್ನೂ ಕೊಲ್ಲುತ್ತದೆ. ಅದು ಮನುಷ್ಯರ ಮೇಲಿನ ಪ್ರಯೋಗದ ಹಂತವನ್ನೂ ತಲುಪಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ತಾಮ್ರದ ಸಂಕೀರ್ಣಗಳಿಗೆ ಫೆರೊಸೀನ್ ಜೋಡಿಸಿ ನೋಡಿದೆ. ಬೆಳಕು ಬಿದ್ದಾಗ ಮಾತ್ರ ಡಿಎನ್‌ಎ ತುಂಡರಿಸಿ ಕ್ಯಾನ್ಸರ್ ಕೋಶವನ್ನು ಕೊಲ್ಲಬೇಕು, ಕತ್ತಲಲ್ಲಿ ಸುಮ್ಮನಿರಬೇಕು ಎಂಬುದು ಅಲ್ಲಿನ ಗುರಿ. ಇದೆಲ್ಲ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮಟ್ಟದ ಕೆಲಸ. ಪತ್ರಿಕೆಯಲ್ಲಿ ‘ಕ್ಯಾನ್ಸರ್‌ಗೆ ಮದ್ದು’ ಎಂಬ ಶೀರ್ಷಿಕೆ ಕಂಡರೆ ಈ ಅಂತರ ನೆನಪಿರಲಿ.

ಹೀಗೆ ಬೇಡದೆ ಬಂದದ್ದಕ್ಕೆ ಆಡಳಿತದಲ್ಲಿ ಜಾಗವೆಲ್ಲಿದೆ, ಈಗ ಆ ಮಾತು. ಸಂಶೋಧನೆಗೆ ಹಣ ಕೇಳುವ ಅರ್ಜಿಯಲ್ಲಿ ಗುರಿ ಬರೆಯಬೇಕು, ಅವಧಿ ಬರೆಯಬೇಕು. ಕೊನೆಯಲ್ಲಿ ಗುರಿ ಮುಟ್ಟಿತೇ ಎಂದು ವರದಿ ಕೊಡಬೇಕು. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೇ ಬೇಕು, ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಆ ಅಳತೆಯಲ್ಲಿ 1951ರ ಕೀಲಿ-ಪಾಸನ್ ಯೋಜನೆ ನಪಾಸು: ಫುಲ್ವಲೀನ್ ಸಿಗಲಿಲ್ಲ. ಸ್ಟ್ರಾಥ್‌ಕ್ಲೈಡ್‌ನ ಕೋಬಾಲ್ಟ್ ಕೆಲಸದಲ್ಲೂ ಮುಖ್ಯವಾದದ್ದು ಕೇಳದೆ ಬಂದದ್ದೇ. ವರದಿಯ ನಮೂನೆಯಲ್ಲಿ ‘ಕೇಳದೆ ಬಂದದ್ದು ಏನು, ಅದರ ಬೆನ್ನು ಹತ್ತಲು ಎಷ್ಟು ಕಾಲ ಬೇಕು’ ಎಂದು ಇನ್ನೊಂದು ಅಂಕಣ ಸೇರಿಸಲು ಹೆಚ್ಚು ಖರ್ಚಿಲ್ಲ. ಆ ಅಂಕಣ ತುಂಬಿದವರಿಗೆ ಇನ್ನೊಂದು ವರ್ಷದ ಸಂಬಳ ಮತ್ತು ದ್ರಾವಕದ ಹಣ ಕೊಡುವ ಅಧಿಕಾರವೂ ಪರಿಶೀಲನಾ ಸಮಿತಿಗೆ ಇರಬೇಕು.