ಲಂಟಾನದ ಆನೆ ಲಂಡನ್‌ಗೆ, ಪಂಚಾಯ್ತಿಗೆ ಪ್ಲಾಸ್ಟಿಕ್ ಕುರ್ಚಿ

ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಯಾವ ಗೃಹಪ್ರವೇಶಕ್ಕೆ ಹೋದರೂ ಕಂತಿನ ಮೇಲೆ ತಂದ ಪಾರ್ಟಿಕಲ್ ಬೋರ್ಡ್ ಮಂಚ, ಬೀರು. ನಾವೂ ತಂದವರೇ. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ ಅದು. ಮಳೆಗಾಲದ ತೇವಕ್ಕೆ ಊದಿಕೊಳ್ಳುತ್ತೆ, ಮೊಳೆ ನಿಲ್ಲಲ್ಲ, ಬಡಗಿ ಕೈಯಾಡಿಸಿ ಹೊರಟುಹೋಗ್ತಾನೆ. ಒಲೆಗೂ ಹಾಕಬೇಡಿ, ಅಂಟಿನ ಹೊಗೆ ಒಳ್ಳೆಯದಲ್ಲ.

ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದಿಂದ ಕುರ್ಚಿ, ಸೋಫಾ ಮಾಡುತ್ತಾರೆ. ಬ್ರಿಟಿಷರು ಅಂದಕ್ಕೆಂದು ತಂದ ಈ ಪೊದೆ ಇವತ್ತು ಕಾಡಿನ ಹುಲ್ಲನ್ನೇ ನುಂಗಿದೆ. ಅದನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸುತ್ತಾರೆ. ಇದಕ್ಕಾಗಿ ಒಂದು ಮರವೂ ಉರುಳಲ್ಲ. ದುಬಾರಿ ಅಂತೀರಾ? ಕಂತಿನ ಬಡ್ಡಿ ಸೇರಿಸಿ ಲೆಕ್ಕ ಹಾಕಿ.

ನೀಲಗಿರಿಯ ಆದಿವಾಸಿಗಳು ಮಾಡಿದ ಲಂಟಾನದ ಆನೆಗಳು 2021ರಲ್ಲಿ ಲಂಡನ್ ಪಾರ್ಕುಗಳಲ್ಲಿ ನಿಂತವು. ನಾವು ಸುದ್ದಿಗೆ ಹೋಗುವ ಪಂಚಾಯ್ತಿ, ಅಂಗನವಾಡಿಗಳಲ್ಲಿ ಮಾತ್ರ ಪ್ಲಾಸ್ಟಿಕ್ ಕುರ್ಚಿ. ಪರಿಸರ ದಿನದ ಭಾಷಣ ಕೇಳಲು ಕೂರುವುದೂ ಅದರ ಮೇಲೇ!

ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳುತ್ತೇವೆ: ಕುರ್ಚಿ ತರುವ ಬಿಲ್ಲಿನಲ್ಲಿ ಹತ್ತಾದರೂ ಸೋಲಿಗರಿಂದ ಕೊಳ್ಳಿ. ಪಿಡಿಒ ಸಾಹೇಬರು ನಕ್ಕರೆ ನೀವೂ ಎದ್ದು ನಿಂತು ಕೇಳಿ.